ಹಜಾರದ ಜಾಡಿ, ಅಡುಗೆಮನೆಯ ಜಾಡಿ

ನಮ್ಮ ಊರಿನಲ್ಲಿ ಬಾಡಿಗೆಗೆ ಮನೆ ನೋಡಲು ಬಂದವರು ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಆಮೇಲೆ ಕೇಳುತ್ತಾರೆ, ಮೊದಲು ಕೇಳುವುದು ಮನೆಯ ನಡೆ ಎಷ್ಟು ಎಂದು. ಪ್ರತಿ ಬಾಗಿಲ ಪಕ್ಕದಲ್ಲೂ ಪುರಸಭೆಯವರು ಹೊಡೆದ ತಗಡಿನ ಚೂರೊಂದಿರುತ್ತದೆ. ‘ಒಂದಕ್ಕೆ ಎರಡು’ ಎಂದು ಬರೆದಿದ್ದರೆ, ಬೀದಿಯಲ್ಲಿ ಒಂದು ಗಂಟೆ ಆಗುವಷ್ಟರಲ್ಲಿ ಆ ಮನೆಯೊಳಗೆ ಎರಡು ಗಂಟೆ ಆಗಿರುತ್ತದೆ. ‘ಒಂದಕ್ಕೆ ಅರ್ಧ’ ಎಂದಿದ್ದರೆ ಅದು ನಿಧಾನದ ಮನೆ. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳನ್ನು ಓದಲು ವೇಗದ ಮನೆಗಳಿಗೆ ಕಳಿಸುತ್ತೇವೆ. ಹಾಲು, ಹೂವು, ಮುನಿಸಿಕೊಂಡ ಅತ್ತಿಗೆ ಇಂಥವನ್ನೆಲ್ಲ ನಿಧಾನದ ಮನೆಯಲ್ಲಿಡುತ್ತೇವೆ. ನನ್ನ ಮಗಳನ್ನು ಕೊಟ್ಟದ್ದು ಒಂದಕ್ಕೆ ಅರ್ಧದ ಮನೆಗೆ. ‘ಮುಂದಿನ ವಾರ ಬರ್ತೀನಮ್ಮ’ ಎಂದರೆ ಎರಡು ವಾರ ಬಿಟ್ಟು ಅಕ್ಕಿ ನೆನೆಸಿದರೆ ಸಾಕು ಎಂದು ನನಗೆ ಗೊತ್ತು.

ನನ್ನ ಗಂಡ ಚಂದ್ರಹಾಸ ಈ ತಗಡುಗಳನ್ನು ಬರೆಯುವ ಇಲಾಖೆಯಲ್ಲಿ ನಡೆ ಅಳೆಯುವ ಇನ್‌ಸ್ಪೆಕ್ಟರು. ಕೈಗಡಿಯಾರ ಕಟ್ಟಿಕೊಂಡು ಮನೆಯಿಂದ ಮನೆಗೆ ಓಡಾಡಿದರೆ ಅದು ಯಾರ ಸಮಯವನ್ನೂ ಸರಿಯಾಗಿ ಹೇಳದಂತಾಗುತ್ತದೆ ಎಂದು ನಮ್ಮೂರಿನವರು ಗಡಿಯಾರವನ್ನು ಹೊಸ್ತಿಲ ಹೊರಗಿನ ಗೂಡಿನಲ್ಲಿ ಬಿಚ್ಚಿಟ್ಟು ಒಳಗೆ ಹೋಗುತ್ತಾರೆ. ಮನೆಗೆ ಒಂದೇ ಗಡಿಯಾರ, ಅದೂ ಹಜಾರದ ಗೋಡೆಯ ಮೇಲೆ, ಅರಗಿನ ಮೊಹರು ಹಾಕಿದ್ದು. ಎಲ್ಲೆಂದರಲ್ಲಿಗೆ ಗಡಿಯಾರ ಒಯ್ಯುವ ಹಕ್ಕು ಇರುವುದು ನನ್ನ ಗಂಡನಿಗೆ ಮಾತ್ರ. ಅವರ ಜೇಬಿನಲ್ಲಿ ಸರಪಳಿ ಹಾಕಿದ ಸರಕಾರಿ ಗಡಿಯಾರವಿತ್ತು. ಅದನ್ನು ಅವರು ತೆಗೆದು ನೋಡುವ ರೀತಿಯಲ್ಲಿ ನನ್ನನ್ನು ಒಮ್ಮೆ ನೋಡಿದ್ದರೆ ನಾನು ಇನ್ನೂ ಇಬ್ಬರು ಮಕ್ಕಳನ್ನು ಹೆರುತ್ತಿದ್ದೆನೇನೋ.

ಇಡೀ ಊರಿನಲ್ಲಿ ‘ಒಂದಕ್ಕೊಂದು’ ಎಂಬ ತಗಡಿದ್ದದ್ದು ನಮ್ಮ ಮನೆಗೊಂದಕ್ಕೇ. ಬೀದಿಯ ಗಂಟೆಗೋಪುರದಲ್ಲಿ ಹನ್ನೆರಡು ಹೊಡೆದರೆ ನಮ್ಮ ಹಜಾರದಲ್ಲೂ ಹನ್ನೆರಡು. ಮದುವೆಯಾದ ವರ್ಷ ಅವರೇ ಅಳೆದು, ಅವರೇ ಬರೆದು, ಅವರೇ ಮೊಳೆ ಹೊಡೆದದ್ದು. ಇಪ್ಪತ್ನಾಲ್ಕು ವರ್ಷಗಳಿಂದ ಬಂದವರೆದುರಿಗೆಲ್ಲ, ‘ನಮ್ಮ ಮನೇಲಿ ಯಾರಿಗೂ ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಮ್ಮಿಯಿಲ್ಲ’ ಎನ್ನುತ್ತ ಬಂದಿದ್ದರು.

ಅಂಥ ಮನೆಯಲ್ಲಿ ನನಗೊಬ್ಬಳಿಗೆ ಸದಾ ಸುಸ್ತು. ಬೆಳಗಿನ ತಿಂಡಿ ಮುಗಿಸಿ ಪರದೆ ಸರಿಸಿ ಹಜಾರಕ್ಕೆ ಬಂದರೆ ಕಾಲು ಸೋತು ಹೋಗಿರುತ್ತಿತ್ತು. ಇವರು ಗೋಡೆ ನೋಡಿ, ‘ಅರ್ಧ ಗಂಟೆ. ಅರ್ಧ ಗಂಟೆ ಕೆಲಸಕ್ಕೆ ಇಷ್ಟೊಂದು ಬೆವರೇನೇ?’ ಎನ್ನುತ್ತಿದ್ದರು. ಬೈಗುಳವಲ್ಲ ಅದು, ತಮಾಷೆ. ನಾನೂ ನಗುತ್ತಿದ್ದೆ. ಆಮೇಲೆ ಡಾಕ್ಟರ ಹತ್ತಿರ ಹೋಗಿ ಕಬ್ಬಿಣದ ಟಾನಿಕ್ ತಂದು ಕುಡಿಯುತ್ತಿದ್ದೆ. ದೋಸೆ ಹಿಟ್ಟು ಬೆಳಗಾಗುವ ಮೊದಲೇ ಉಕ್ಕಿ ನೆಲಕ್ಕೆ ಇಳಿದಿರುತ್ತಿತ್ತು, ಬೇಳೆ ತಪ್ಪು ಎಂದುಕೊಂಡೆ. ಹಾಲು ಸಂಜೆಗೇ ಹುಳಿಯಾಗುತ್ತಿತ್ತು, ಹಾಲಿನವನಿಗೆ ಬೈದೆ. ಗ್ಯಾಸಿನ ಸಿಲಿಂಡರು ಬೇಗ ಮುಗಿಯುತ್ತಿತ್ತು, ಇವರು ಗ್ಯಾಸಿನವನಿಗೆ ಬೈದರು. ನಡುವಯಸ್ಸಿನ ಹೆಂಗಸು ತನ್ನ ಮೈಯನ್ನು ಅನುಮಾನಿಸಿದಷ್ಟು ಬೇಗ ಬೇರೆ ಯಾವುದನ್ನೂ ಅನುಮಾನಿಸುವುದಿಲ್ಲ.

ಆ ವರ್ಷ ಇವರಿಗೆ ನಿವೃತ್ತಿ. ನಿವೃತ್ತಿಯ ದಿನ ಪುರಸಭೆ ಅಧ್ಯಕ್ಷರು ಮನೆಗೇ ಬಂದು, ಬಾಗಿಲಿನ ತಗಡು ಕಿತ್ತು, ಅಲ್ಲಿ ‘ಒಂದಕ್ಕೊಂದು, ಆದರ್ಶ ಮನೆ’ ಎಂದು ಕೆತ್ತಿದ ಹಿತ್ತಾಳೆ ಫಲಕ ಹೊಡೆಯುವುದೆಂದು ನಿಶ್ಚಯವಾಯಿತು. ಇವರು ಅದರ ಅಕ್ಷರ ಎಷ್ಟು ದೊಡ್ಡದಿರಬೇಕು ಎಂದು ಹಾಳೆಯ ಮೇಲೆ ಬರೆದು ಬರೆದು ನೋಡಿದರು. ಬಂದವರಿಗೆ ಏನು ಕೊಡುವುದು ಎಂದು ನಾನು ಕೇಳಿದಾಗ, ಭಾನುವಾರ ಪೇಪರಿನ ಜೊತೆ ಒಂದೇ ಒಂದು ಬಾಟಲಿ ಬಿಯರು ಕುಡಿಯುವ ಅಭ್ಯಾಸದ ಇವರು, ‘ಮನೇಲೇ ಬಿಯರ್ ಮಾಡೋಣ ಕಣೆ. ಹಾಪ್ಸ್ ಅನ್ನೋ ಕಹಿ ಹೂವು ಜಾಸ್ತಿ ಹಾಕಿದ್ದು. ಸರಿಯಾಗಿ ದಿನ ಎಣಿಸಿ ಮಾಡಬೇಕಾದ ಪದಾರ್ಥ ಅದು. ನಮ್ಮ ಮನೆ ಬಿಟ್ಟರೆ ಈ ಊರಲ್ಲಿ ಇನ್ನೆಲ್ಲಿ ಸಾಧ್ಯ?’ ಎಂದರು. ಮಾಡೋಣ ಎಂದರೆ ಯಾರು ಮಾಡುವುದು ಎಂದು ನಾನು ಕೇಳಲಿಲ್ಲ.

ನನಗೆ ಹೇಳಿಕೊಟ್ಟದ್ದು ಎದುರು ಮನೆಯ ಫಿಲ್ಲು ಬಾಯಿ. ಅವರ ಮನೆ ಒಂದಕ್ಕೆ ನಾಲ್ಕು. ಊರಿನ ಉಪ್ಪಿನಕಾಯಿ, ದ್ರಾಕ್ಷಿ ವೈನು ಎಲ್ಲ ಅಲ್ಲಿಟ್ಟು ಹಳತು ಮಾಡಿಸಿಕೊಳ್ಳುತ್ತಾರೆ. ಅವರು ಮಾತ್ರ ಹಿತ್ತಲಿನ ಶೆಡ್ಡಿನಲ್ಲಿ ಮಲಗುತ್ತಾರೆ. ‘ಒಳಗೆ ಮಲಗಿದ್ರೆ ಇಷ್ಟೊತ್ತಿಗೆ ನನ್ನ ಗೋರಿ ಮೇಲೆ ಹುಲ್ಲು ಬೆಳೀತಿತ್ತು ಮಾರಾಯ್ತಿ’ ಎನ್ನುತ್ತಾರೆ. ಹಾಗಾದರೆ ಬಿಯರನ್ನೂ ಅವರಲ್ಲೇ ಇಡಬಹುದಲ್ಲ ಎಂದರೆ ತಲೆ ಅಲ್ಲಾಡಿಸಿದರು. ‘ವೈನ್ ಆದ್ರೆ ತಾ. ಇದು ಹಾಪ್ಸಿಂದು. ಹಳತಾದ್ರೆ ಹೂವಿನ ಪರಿಮಳ ಸತ್ತೇ ಹೋಗ್ತದೆ. ಹೊಸತರಲ್ಲೇ ಕುಡೀಬೇಕು. ನಿನ್ನ ಗಂಡನ ಆದರ್ಶ ಮನೆಯೇ ಇದಕ್ಕೆ ಸರಿ.’

ಬಾರ್ಲಿಗೆ ಮೊಳಕೆ ಕಟ್ಟುವುದು ನನಗೆ ಹೊಸದೇನಲ್ಲ. ಮಗಳು ಕೂಸಾಗಿದ್ದಾಗ ರಾಗಿಗೆ ಹೀಗೇ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಹಿಟ್ಟು ಮಾಡಿದವಳು ನಾನು. ಬಾರ್ಲಿ ನೆನೆಸಿ ಬಟ್ಟೆಯಲ್ಲಿ ಕಟ್ಟಿದೆ, ಮೊಳಕೆ ಬಂದ ಮೇಲೆ ಬಿಸಿಲಲ್ಲಿ ಒಣಗಿಸಿದೆ, ಹದವಾಗಿ ಹುರಿದು ತರಿತರಿಯಾಗಿ ಬೀಸಿದೆ. ಬೆರಳದ್ದಿದರೆ ತಟ್ಟನೆ ಹಿಂದಕ್ಕೆಳೆಯುವಷ್ಟು ಬಿಸಿಯಾದ ನೀರಿಗೆ ಸುರಿದು, ಪಾತ್ರೆಗೆ ಹಳೆ ಕಂಬಳಿ ಸುತ್ತಿ ಒಂದು ಗಂಟೆ ಬಿಡಬೇಕು. ಆಮೇಲೆ ಸೋಸಿ ಸಿಹಿನೀರು ತೆಗೆದು ಇನ್ನೊಂದು ಗಂಟೆ ಕುದಿಸಬೇಕು. ಹಾಪ್ಸ್ ಹಾಕುವುದು ಆ ಕುದಿಯುವಾಗಲೇ. ಫಿಲ್ಲು ಬಾಯಿ ತಂದುಕೊಟ್ಟ ಪೊಟ್ಟಣದಲ್ಲಿ ಒಣಗಿದ ಹಸಿರು ಮೊಗ್ಗುಗಳಂಥ ಹೂವುಗಳಿದ್ದವು. ಅಂಗೈಯಲ್ಲಿ ತಿಕ್ಕಿದರೆ ಕಿತ್ತಳೆ ಸಿಪ್ಪೆ, ಆಗಷ್ಟೇ ಕೊಯ್ದ ಹುಲ್ಲು, ಸ್ವಲ್ಪ ಬೆವರು, ಇಷ್ಟೂ ಸೇರಿದ ವಾಸನೆ. ಕುದಿ ಬಂದಾಗ ಒಂದು ಹಿಡಿ ಕಹಿಗೆ, ಅರ್ಧ ಗಂಟೆಗೆ ಒಂದು ಹಿಡಿ ರುಚಿಗೆ, ಒಲೆ ಆರಿಸುವಾಗ ಎರಡು ಹಿಡಿ ಪರಿಮಳಕ್ಕೆ.

ಅಡುಗೆಮನೆಯಲ್ಲಿ ಗಡಿಯಾರವಿಲ್ಲವಲ್ಲ. ಇವರು ಹಜಾರದ ಕುರ್ಚಿಯಲ್ಲಿ ಕೂತು ಗೋಡೆ ನೋಡಿ ಪೂಜೆಯ ಗಂಟೆ ಬಾರಿಸುವುದು, ನಾನು ಪರದೆಯ ಈಚೆಯಿಂದ ಕೇಳಿಸಿಕೊಂಡು ಹಾಪ್ಸ್ ಹಾಕುವುದು ಎಂದು ಒಪ್ಪಂದವಾಯಿತು. ಆ ಒಂದು ಗಂಟೆ ನನಗೆ ಮುಗಿಯಲೇ ಇಲ್ಲ. ಕುದಿಯುವ ಪಾತ್ರೆಯ ಮುಂದೆ ನಿಂತು ಒಂದು ಸೇರು ಅಕ್ಕಿ ಆರಿಸಿದೆ, ಬೆಳ್ಳುಳ್ಳಿ ಬಿಡಿಸಿದೆ, ಸತ್ತ ಅಮ್ಮನನ್ನು ನೆನೆಸಿಕೊಂಡು ಸ್ವಲ್ಪ ಅತ್ತೆ, ಮುಖ ತೊಳೆದೆ, ಹಳೆಯದೊಂದು ಹಾಡಿನ ಮರೆತ ಚರಣವನ್ನು ಹುಡುಕಿ ಹುಡುಕಿ ನೆನಪಿಗೆ ತಂದುಕೊಂಡೆ. ಆಗ ಅರ್ಧ ಗಂಟೆಯ ಗಂಟೆ ಕೇಳಿಸಿತು. ಹತ್ತು ಲೀಟರಿಗೆ ಎಂಟೂವರೆ ಉಳಿಯುತ್ತದೆ ಎಂದಿದ್ದರು ಫಿಲ್ಲು ಬಾಯಿ. ಕೊನೆಗೆ ಅಳೆದರೆ ಏಳೇ ಲೀಟರು.

‘ಉರಿ ಜಾಸ್ತಿ ಇಟ್ಟಿದೀಯ,’ ಎಂದರು ಇವರು.

‘ಸಣ್ಣ ಉರೀಲೇ ಇಟ್ಟಿದ್ದೆ.’

‘ಹಾಗಾದ್ರೆ ಮೂರು ಲೀಟರ್ ಎಲ್ಲಿ ಹೋಯ್ತು? ನೀನು ಕುಡಿದ್ಯಾ?’

ಎಲ್ಲಿ ಹೋಯಿತೆಂದು ನನಗೆ ಗೊತ್ತಿರಲಿಲ್ಲ. ಪಾತ್ರೆಯನ್ನು ತಣ್ಣೀರಲ್ಲಿಟ್ಟು ಆರಿಸಿದೆ. ಅಷ್ಟು ಹಿಡಿಸುವ ಒಂದೇ ಜಾಡಿ ಇರಲಿಲ್ಲವಾದ್ದರಿಂದ ಎರಡು ಗಾಜಿನ ಜಾಡಿಗಳಿಗೆ ಸಮನಾಗಿ ಸುರಿದು, ಯೀಸ್ಟ್ ಬೆರೆಸಿ, ಮುಚ್ಚಳದಿಂದ ಒಂದು ರಬ್ಬರು ನಳಿಕೆ ಹೊರಟು ನೀರಿನ ಲೋಟದಲ್ಲಿ ಮುಳುಗುವಂತೆ ಮಾಡಿದೆ. ಒಳಗಿನ ಗಾಳಿ ಹೊರಗೆ ಬರಬೇಕು, ಹೊರಗಿನದು ಒಳಗೆ ಹೋಗಬಾರದು. ಹದಿನಾಲ್ಕು ದಿನ ಜಾಡಿಯಲ್ಲಿ, ಏಳು ದಿನ ಬಾಟಲಿಯಲ್ಲಿ. ಇಪ್ಪತ್ತೊಂದನೇ ದಿನ ಹಿತ್ತಾಳೆ ಫಲಕ. ಒಂದು ಜಾಡಿ ಒಲೆಯಿಂದ ದೂರದ ಮೂಲೆಯಲ್ಲಿ ಉಳಿಯಿತು. ಇನ್ನೊಂದನ್ನು ಇವರು ಪರದೆಯ ಆಚೆಯಿಂದಲೇ ನನ್ನ ಕೈಯಿಂದ ತೆಗೆದುಕೊಂಡು ಹೋಗಿ ಗಡಿಯಾರದ ಕೆಳಗೆ ಸ್ಟೂಲಿನ ಮೇಲೆ ಇಟ್ಟರು. ‘ಇದು ಇಲಾಖೆಯ ಕಣ್ಣೆದುರಿಗಿರಲಿ.’

ಎರಡೂ ಗುಳುಗುಳು ಎನ್ನತೊಡಗಿದವು. ಹಜಾರದ್ದು ಸಮಾಧಾನದ ಗುಳುಗುಳು. ಪರದೆಯ ಆಚೆಯಿಂದ ಕೇಳಿದರೆ ಅಡುಗೆಮನೆಯದ್ದಕ್ಕೆ ಎಲ್ಲೋ ಹೊರಡುವ ಅವಸರ. ಏಳನೇ ದಿನ ಅಡುಗೆಮನೆಯ ಜಾಡಿ ಸುಮ್ಮನಾಯಿತು. ಲೋಟದ ನೀರಿನಲ್ಲಿ ಒಂದು ಗುಳ್ಳೆಯೂ ಇಲ್ಲ. ನನ್ನ ಕೈಯಲ್ಲೇ ಏನೋ ದೋಷವಿದೆ, ಸತ್ತೇ ಹೋಯಿತು ಎಂದು ಸೆರಗಿಗೆ ಕೈ ಒರೆಸುತ್ತ ಫಿಲ್ಲು ಬಾಯಿಯನ್ನು ಕರೆತಂದೆ.

ಅವರು ಉದ್ದ ಪೆಟ್ಟಿಗೆಯಿಂದ ಗಾಜಿನ ತೇಲುಕಡ್ಡಿ ತೆಗೆದು ಜಾಡಿಯಲ್ಲಿ ಬಿಟ್ಟರು. ಸಿಹಿ ಉಳಿದಿದ್ದರೆ ಕಡ್ಡಿ ಮೇಲೆ ನಿಲ್ಲುತ್ತದೆ, ಮುಗಿದಿದ್ದರೆ ಇಳಿಯುತ್ತದೆ. ಕಡ್ಡಿ ಸರಕ್ಕನೆ ಇಳಿಯಿತು. ಚಮಚದಲ್ಲಿ ರುಚಿ ನೋಡಿದರು. ‘ಸತ್ತಿಲ್ಲ, ಮುಗಿದಿದೆ. ಹದಿನಾಲ್ಕು ದಿನದ್ದು ಇದು.’

‘ಏಳು ದಿನ ಬಾಯಿ.’

‘ನನ್ನ ನಾಲಗೆಗೆ ಸುಳ್ಳು ಹೇಳ್ಬೇಡ ಕಸ್ತೂರಿ.’

ಹಜಾರದ ಜಾಡಿಯಲ್ಲಿ ಬಿಟ್ಟರೆ ಕಡ್ಡಿ ಅರ್ಧದಲ್ಲೇ ನಿಂತಿತು. ಇವರು ಪೇಪರು ಮಡಿಸಿ ಎದ್ದು ಬಂದರು. ‘ನಂಗೊತ್ತು. ಬೇಗ ಆಗಲಿ ಅಂತ ನಡುವೆ ಬಾಯಿಯವರ ಮನೇಲಿ ಇಟ್ಟಿದ್ಯಲ್ಲ?’

‘ನಾನ್ಯಾಕೆ ಇಡಲಿ?’

‘ಹಾಗಾದ್ರೆ ಒಲೆ ಬಿಸಿ. ಬಿಸಿಗೆ ಬೇಗ ಹುದುಗುತ್ತೆ.’

‘ಒಲೆ ಬಿಸಿಗೆ ಹುದುಗಿದ್ದಾದ್ರೆ ವಾಸನೆ ಬೇರೆ ಬರ್ತದೆ ಚಂದ್ರಣ್ಣ,’ ಎಂದರು ಫಿಲ್ಲು ಬಾಯಿ. ‘ಇದು ಬಿಸಿಯಲ್ಲ. ಇದು ದಿನ.’

ನನಗೆ ಯಾಕೋ ಬೇರೇನೋ ನೆನಪಾಯಿತು. ‘ರೀ, ನೀವು ಕಾಫಿ ಕೇಳುವಾಗ ಎಳೆದೆಳೆದು ಕಾ…ಫಿ… ಅಂತೀರಲ್ಲ, ಯಾಕೆ?’

‘ನಾನ್ಯಾಕೆ ಎಳೀಲಿ? ಕಾಫಿ ಅಂದ್ರೆ ಕಾಫಿ. ನೀನೇ ಒಳಗಿಂದ ಗುಬ್ಬಿ ಥರ ಪಟಪಟ ಅಂತ ಏನೋ ಹೇಳ್ತೀಯ. ಇಪ್ಪತ್ನಾಲ್ಕು ವರ್ಷದಲ್ಲಿ ಒಂದು ಮಾತೂ ಅರ್ಥ ಆಗಿಲ್ಲ.’

ಅದು ಅವರ ಸ್ವಭಾವ ಎಂದುಕೊಂಡಿದ್ದೆ ನಾನು. ಇದು ನನ್ನ ಸ್ವಭಾವ ಎಂದುಕೊಂಡಿದ್ದರು ಅವರು. ಸಂಸಾರ ಅಂದರೆ ಹೀಗೇ ಎಂದು ಇಬ್ಬರೂ ಸುಮ್ಮನಿದ್ದೆವು. ಈಗ ಮೂವರೂ ಅಡುಗೆಮನೆಯ ಪರದೆಯನ್ನೇ ನೋಡಿದೆವು. ಒಗ್ಗರಣೆಯ ಹೊಗೆ ಹಜಾರಕ್ಕೆ ಬರಬಾರದೆಂದು ಹಾಕಿದ್ದ ದಪ್ಪ ಪರದೆ. ಅದರ ಆಚೆಗೆ ಇವರ ಕೈ ಮಾತ್ರ ಬರುತ್ತಿತ್ತು, ಲೋಟ ತೆಗೆದುಕೊಳ್ಳಲು.

ಇವರು ಜೇಬಿನಿಂದ ಗಡಿಯಾರ ತೆಗೆದರು. ಗೋಡೆಯೊಂದಿಗೆ ಹೊಂದಿಸಿದರು. ಚಪ್ಪಲಿ ಬಿಟ್ಟು, ಬೇರೆಯವರ ಮನೆಗೆ ತಪಾಸಣೆಗೆ ಹೋಗುವವರ ಹಾಗೆ ಒಮ್ಮೆ ಕೆಮ್ಮಿ, ಒಳಗೆ ಹೋದರು. ಫಿಲ್ಲು ಬಾಯಿ ಪರದೆಯನ್ನು ಪೂರ್ತಿ ಸರಿಸಿ ಹಿಡಿದರು. ನಾವಿಬ್ಬರೂ ನೋಡುತ್ತಿದ್ದಂತೆ ನನ್ನ ಗಂಡ ಮಣೆಯ ಮೇಲೆ ಟಕ್ಕನೆ ಕೂತರು, ಟಕ್ಕನೆ ಎದ್ದರು, ಡಬ್ಬಿಗಳ ಮುಚ್ಚಳ ತೆರೆದು ತೆರೆದು ಮುಚ್ಚಿದರು, ತಲೆ ಕೆರೆದುಕೊಂಡರು, ಕೋಳಿ ಕಾಳು ಹೆಕ್ಕುವ ಹಾಗೆ ಕತ್ತು ಆಡಿಸಿ ನಮ್ಮ ಕಡೆ ನೋಡಿದರು. ಅಷ್ಟು ಚುರುಕಾಗಿ ಅವರನ್ನು ನಾನು ನೋಡಿದ್ದೇ ಇಲ್ಲ. ಫಿಲ್ಲು ಬಾಯಿ ಸೆರಗು ಬಾಯಿಗೆ ತುರುಕಿಕೊಂಡರು. ಗೋಡೆಯಲ್ಲಿ ಹತ್ತು ನಿಮಿಷವಾದಾಗ ನಾನು ಕೈ ಮಾಡಿ ಕರೆದೆ. ಹೊರಗೆ ಬಂದು ಅಂಗೈ ಬಿಚ್ಚಿದರು. ಸರಕಾರಿ ಗಡಿಯಾರದಲ್ಲಿ ಇಪ್ಪತ್ತು ನಿಮಿಷವಾಗಿತ್ತು.

ಆಮೇಲೆ ಫಿಲ್ಲು ಬಾಯಿ, ದಿನಕ್ಕೆ ಎಷ್ಟು ಹೊತ್ತು ಒಳಗಿರ್ತೀಯ ಎಂದು ನನ್ನನ್ನು ಕೇಳಿ, ಬೆರಳು ಮಡಿಸಿ ಬಿಡಿಸಿ, ‘ಆರು ವರ್ಷ’ ಎಂದರು. ‘ಗೋಡೆ ಪ್ರಕಾರ ದಿನಕ್ಕೆ ಆರು ಗಂಟೆ ಅಂದ್ರೂ ನೀನು ಒಳಗೆ ಹನ್ನೆರಡು ಬದುಕಿದಿ. ಇಪ್ಪತ್ನಾಲ್ಕು ವರ್ಷಕ್ಕೆ ಆರು ವರ್ಷ ಹೆಚ್ಚಿಗೆ ಆಗಿದೆ ನಿಂಗೆ. ಚಂದ್ರಣ್ಣ, ಕಸ್ತೂರಿ ನಿಮಗಿಂತ ಎಷ್ಟು ಚಿಕ್ಕೋಳು?’

‘ಮೂರು ವರ್ಷ,’ ಎಂದರು ಇವರು.

‘ಹಾಗಾದ್ರೆ ಈಗ ಮೂರು ವರ್ಷ ದೊಡ್ಡೋಳು. ಕಾಲಿಗೆ ಬೀಳಿ.’

ಅವರು ಬೀಳಲಿಲ್ಲ. ಫಿಲ್ಲು ಬಾಯಿ ಹೋದ ಮೇಲೆ ಮೆಲ್ಲಗೆ, ‘ಕಸ್ತೂರಿ, ಇದು ಸದ್ಯಕ್ಕೆ ಯಾರಿಗೂ ಬೇಡ. ಫಲಕ ಒಂದು ಆಗಿಬಿಡಲಿ. ಯಾರಾದ್ರೂ ಕೇಳಿದ್ರೆ ಒಲೆ ಬಿಸಿ ಅಂತ ನೀನೂ ಹೇಳು’ ಎಂದರು.

ನಾನು ಒಳಗೆ ಹೋಗಿ ಮಣೆಯ ಮೇಲೆ ಕೂತೆ. ಮೊದಲು ಬಂದದ್ದು ಸಿಟ್ಟಲ್ಲ, ಒಂದು ಬಗೆಯ ಹಗುರ. ನಾನು ಸೋಮಾರಿಯಲ್ಲ, ನನ್ನ ರಕ್ತದಲ್ಲಿ ಏನೂ ಕಮ್ಮಿಯಿಲ್ಲ. ಸಿಟ್ಟು ಆಮೇಲೆ ಬಂತು, ಟಾನಿಕ್ಕಿನ ಖಾಲಿ ಬಾಟಲಿಗಳನ್ನು ನೋಡಿದಾಗ. ಎಣ್ಣೆ ಹಾಕಿಡಲು ತೊಳೆದು ಸಾಲಾಗಿ ಜೋಡಿಸಿದ್ದೆ, ಎರಡು ಡಜನ್ನಿಗೆ ಕಮ್ಮಿಯಿರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕೂತ ಮೇಲೆ ಬಂದದ್ದಕ್ಕೆ ಏನು ಹೆಸರಿಡಬೇಕೋ ಗೊತ್ತಿಲ್ಲ. ಆ ಆರು ವರ್ಷ ನಾನು ಏನು ಮಾಡಿದೆ ಎಂದು ಯೋಚಿಸಿದೆ. ಬೇಯಿಸಿದೆ, ಬಳಿದೆ, ನಿಜ. ಆದರೆ ಹಾಡುಗಳ ಮರೆತ ಸಾಲುಗಳನ್ನು ಹುಡುಕಿಕೊಂಡದ್ದು ಅಲ್ಲಿ, ಅಮ್ಮನಿಗೆ ಅತ್ತು ಮುಗಿಸಿದ್ದು ಅಲ್ಲಿ, ಇವರ ಜೊತೆ ಜಗಳಾಡಿ ಇವರಿಗೇ ಗೊತ್ತಾಗದಂತೆ ಗೆದ್ದದ್ದೂ ಅಲ್ಲೇ. ಈ ಮನೆಯಲ್ಲಿ ಇವರಿಗೆ ಇಲ್ಲದ ಆರು ವರ್ಷ ನನಗಿತ್ತು. ಅದು ನನ್ನಿಂದ ಹೋದದ್ದೋ ನನಗೆ ಸಿಕ್ಕಿದ್ದೋ ತೀರ್ಮಾನವಾಗಲಿಲ್ಲ. ಇತ್ತು ಎಂದು ಯಾರಾದರೂ ಒಬ್ಬರು ಹೇಳಬೇಕು, ಅಷ್ಟು ಬೇಕೆನಿಸಿತು. ಅದನ್ನು ಹೇಳಬೇಕಾದವರು ಹಜಾರದಲ್ಲಿ ಕೂತು ಹಿತ್ತಾಳೆ ಫಲಕಕ್ಕೆ ಮೊಳೆ ಆರಿಸುತ್ತಿದ್ದರು.

ಮರುದಿನ ಅಡುಗೆಮನೆಯ ಬಿಯರನ್ನು ಬಾಟಲಿಗೆ ತುಂಬಿ, ನೊರೆಗೆಂದು ಚಿಟಿಕೆ ಚಿಟಿಕೆ ಸಕ್ಕರೆ ಹಾಕಿ, ಕೊರಳಿಗೆ ಕೆಂಪು ದಾರ ಕಟ್ಟಿ ಅಲ್ಲೇ ಇಟ್ಟೆ. ಹಜಾರದ್ದನ್ನು ಅದರ ಹದಿನಾಲ್ಕನೇ ದಿನ ತುಂಬಿ ಬಿಳಿ ದಾರ ಕಟ್ಟಿ ಹಜಾರದಲ್ಲೇ ಇಟ್ಟೆ. ‘ಅಧ್ಯಕ್ಷರಿಗೆ ಬಿಳಿ ದಾರದ್ದು ಮಾತ್ರ ಕೊಡೋಣ’ ಎಂದರು ಇವರು. ‘ಬಿಳಿಯದು ಎಂಟೇ ಬಾಟಲಿ ಇರೋದು. ಬರೋರು ಹದಿನೈದು ಜನ’ ಎಂದೆ. ಅದು ನಿಜವೂ ಆಗಿತ್ತು. ಮೂರು ಲೀಟರು ಆವಿಯಾಗಿ ಹೋಗಿತ್ತಲ್ಲ.

ಆ ದಿನ ಅಧ್ಯಕ್ಷ ತಿಪ್ಪಣ್ಣನವರು ಹಾರ, ಹಿತ್ತಾಳೆ ಫಲಕ, ಫೋಟೋದವನು ಎಲ್ಲದರ ಜೊತೆ ಬಂದರು. ನಾನು ತಟ್ಟೆಯಲ್ಲಿ ಲೋಟಗಳನ್ನಿಟ್ಟು ತಂದೆ. ಅವರು ಬಿಳಿ ದಾರದ್ದನ್ನು ಕುಡಿದು ಕಣ್ಣು ಮುಚ್ಚಿದರು. ‘ಆಹಾ! ತೋಟದಲ್ಲಿ ನಿಂತ ಹಾಗಾಯ್ತು.’ ಎರಡನೇ ಸಲ ಕೇಳಿದಾಗ ನಾನು ಕೆಂಪು ದಾರದ್ದನ್ನು ಬಗ್ಗಿಸಿದೆ. ಬೇಕೆಂದೇ ಬಗ್ಗಿಸಿದೆ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಅವರು ಒಂದು ಗುಟುಕು ಕುಡಿದು ಲೋಟವನ್ನು ಬೆಳಕಿಗೆ ಹಿಡಿದರು. ‘ಇದು ಬೇರೆ ಸಲ ಮಾಡಿದ್ದೇನ್ರೀ ಅಮ್ಮಾ?’

‘ಇಲ್ಲ, ಒಂದೇ ದಿನ, ಒಂದೇ ಪಾತ್ರೆ.’

‘ಹೇಗಾಗತ್ತೆ? ಅದು ಹೊಸದು. ಇದು ತಿಳಿಯಾಗಿದೆ, ಮೆತ್ತಗಿದೆ, ಆದ್ರೆ ಹೂವಿನ ಪರಿಮಳ ಕರಗಿ ಹೋಗಿದೆ. ಒಂದು ತಿಂಗಳ ಮೇಲಾಗಿರೋ ಬಿಯರಿದು. ಚಂದ್ರಹಾಸರೇ, ಒಂದಕ್ಕೊಂದು ಮನೇಲಿ ಇದು ಹೇಗೆ?’

ಎಲ್ಲರೂ ಇವರನ್ನು ನೋಡಿದರು. ಫಿಲ್ಲು ಬಾಯಿ ಜಂತಿ ಎಣಿಸುತ್ತಿದ್ದರು. ಇವರು ನನ್ನನ್ನು ನೋಡಿದರು. ಒಲೆ ಬಿಸಿ ಎಂಬ ಎರಡೇ ಮಾತು ನಾನು ಹೇಳಿದ್ದರೆ ಸಾಕಿತ್ತು. ನಾನು ಇವರ ಕೈಗೂ ಒಂದು ಲೋಟ ಕೊಟ್ಟೆ, ಕೆಂಪು ದಾರದ್ದು. ಅಷ್ಟು ದಿನವೂ ಇವರು ಅದನ್ನು ಮುಟ್ಟಿರಲಿಲ್ಲ. ಕುಡಿದರು. ಬಾಯಲ್ಲೇ ಇಟ್ಟುಕೊಂಡು, ಆಮೇಲೆ ನುಂಗಿದರು.

‘ಅಳತೆ ನಂದೇ ತಪ್ಪು ಸಾರ್,’ ಎಂದರು. ‘ನಾನು ಹಜಾರ ಅಳೆದೆ. ಮನೆ ಅಳೀಲಿಲ್ಲ. ಅಡುಗೆಮನೆ ಒಂದಕ್ಕೆ ಎರಡು ಇದೆ. ಇವಳು ಅಲ್ಲಿ ಆರು ವರ್ಷ ಹೆಚ್ಚಿಗೆ ಇದ್ದಾಳೆ. ನಂಗೆ ಗೊತ್ತಾಗಲಿಲ್ಲ.’

ತಿಪ್ಪಣ್ಣನವರು ಜೋರಾಗಿ ನಗಲು ಶುರುಮಾಡಿದರು. ನಗು ಅರ್ಧಕ್ಕೇ ನಿಂತಿತು. ‘ನಮ್ಮ ಮನೇಲೂ…’ ಎಂದು ಬೀದಿಯ ಕಡೆ ನೋಡಿದರು. ‘ನಮ್ಮೋಳೂ ಸುಸ್ತು ಸುಸ್ತು ಅಂತಿರ್ತಾಳೆ.’ ಹಾರವನ್ನು ಅಲ್ಲೇ ಕುರ್ಚಿಯ ಮೇಲೆ ಹಾಕಿ, ಫಲಕವನ್ನು ಕಂಕುಳಲ್ಲಿ ಇರುಕಿಕೊಂಡು, ಬಿಳಿ ದಾರದ್ದೊಂದು ಕೆಂಪು ದಾರದ್ದೊಂದು ಬಾಟಲಿ ಎತ್ತಿಕೊಂಡು ಹೊರಟೇಹೋದರು. ಆ ವಾರ ಫಿಲ್ಲು ಬಾಯಿಯ ತೇಲುಕಡ್ಡಿ ಎರವಲು ಕೇಳಿದ ಹೆಂಗಸರ ಸಾಲು ಬೀದಿಯ ತಿರುವಿನವರೆಗೆ ಇತ್ತು.

ನಮ್ಮ ಬಾಗಿಲಲ್ಲಿ ಈಗ ತಗಡೇ ಇದೆ, ಆದರೆ ಎರಡು ಸಾಲು ಬರೆದಿದೆ, ಹಜಾರಕ್ಕೊಂದು, ಅಡುಗೆಮನೆಗೊಂದು. ಬರೆದವರು ಇವರೇ, ಕೆಲಸದ ಕೊನೆಯ ದಿನ. ಪರದೆ ಕಿತ್ತು ಕಾಲೊರೆಸು ಮಾಡಿದೆ. ಮರುದಿನ ಬೆಳಿಗ್ಗೆ ಇವರು ಲುಂಗಿ ಎತ್ತಿ ಕಟ್ಟಿ, ‘ಇವತ್ತು ಉಪ್ಪಿಟ್ಟು ನಂದು. ನಿನ್ನ ಆ ಆರು ವರ್ಷ ನಾನೂ ಸ್ವಲ್ಪ ಸ್ವಲ್ಪ ಕೂಡಿಸಿಕೊಂಡು ಮುದುಕನಾಗ್ತೀನಿ’ ಎಂದು ಒಳಗೆ ಹೋದರು. ನಾನು ಅವರ ಕುರ್ಚಿಯಲ್ಲಿ ಕೂತು ಪೇಪರು ಬಿಡಿಸಿದೆ. ಕುರ್ಚಿ ಚೆನ್ನಾಗಿತ್ತು. ಎರಡು ಸಲ ಒಳಗಿಂದ ಗುಬ್ಬಿಯ ಹಾಗೆ ಪಟಪಟ ಏನೋ ಕೇಳಿಸಿತು. ಉಪ್ಪೆಲ್ಲಿ ಎಂದಿರಬೇಕು. ‘ನಿಧಾನವಾಗಿ ಹೇಳಿ, ಒಂದೂ ಅರ್ಥ ಆಗಲ್ಲ’ ಎಂದೆ. ಕೊನೆಗೆ ತಟ್ಟೆ ಹಿಡಿದು ಹೊರಗೆ ಬಂದರು. ಬನಿಯನ್ ಬೆನ್ನಿಗೆ ಅಂಟಿತ್ತು, ಹಣೆಯಲ್ಲಿ ಸಾಸಿವೆ, ಉಪ್ಪಿಟ್ಟು ಒಂದು ಕಡೆ ಸೀದಿತ್ತು. ಗೋಡೆಗೆ ಒರಗಿ ಕಾಲು ನೀಡಿ ಕೂತು ನನ್ನ ಮುಖ ನೋಡಿದರು.

ನಾನು ಪೇಪರಿನಿಂದ ತಲೆಯೆತ್ತಿ ಗಡಿಯಾರ ನೋಡಿದೆ. ಇಪ್ಪತ್ನಾಲ್ಕು ವರ್ಷ ಕಾದದ್ದು ಈ ಒಂದು ಮಾತಿಗೇ ಇರಬೇಕು ಎನಿಸಿತು.

‘ಅರ್ಧ ಗಂಟೆ,’ ಎಂದೆ. ‘ಅರ್ಧ ಗಂಟೆ ಕೆಲಸಕ್ಕೆ ಇಷ್ಟೊಂದು ಬೆವರೇನ್ರೀ?’